ಹ್ರೀಬೇರ ವಿಚಾರ

ವೈದ್ಯಗ್ರಂಥಗಳಲ್ಲಿ ಅನೇಕ ಕಡೆ ಕಾಣಬರುವ ಹ್ರೀಬೇರವೆಂಬ ಓಷಧಿಯು ಯಾವುದೆಂಬ ವಿಷಯದಲ್ಲಿ ಮತಭೇದವುಂಟು. ಕೆಲವರು ಅದನ್ನು ಲಾವಂಚವೆನ್ನುವರು, ಕೆಲವರು ಬಾಲರಕ್ಕಸಿಯೆನ್ನುವರು, ಮತ್ತೆ ಕೆಲವರು ತುಳಸಿಯ ಕುಟುಂಬಕ್ಕೆ ಸೇರಿದ ಒಂದು ವಿರಳ ಸಸ್ಯವೆನ್ನುವರು. ಈ ಮೂರರ ಬೇರುಗಳೂ ಸುಗಂಧವುಳ್ಳವೇ. ಒಣಗಿ ಅಂಗಡಿಗೆ ಬಂದ ಮೇಲೆ ಅವುಗಳ ಭೇದವನ್ನರಿಯುವುದು ಕಷ್ಟ. ಹೆಸರು ತಪ್ಪಿದರೆ ಔಷಧವೂ ತಪ್ಪುವುದಾದ್ದರಿಂದ ಇದು ಬರಿಯ ಶಬ್ದವಿವಾದವಲ್ಲ.

ಮೊದಲು ಕೋಶದ ಪ್ರಮಾಣವನ್ನು ನೋಡಬಹುದು. ಅಮರಸಿಂಹನು ಹ್ರೀಬೇರಕ್ಕೆ ವಾಲ, ಬರ್ಹಿಷ್ಠ, ಉದೀಚ್ಯವೆಂಬ ಪರ್ಯಾಯಗಳನ್ನು ಕೊಟ್ಟು, ಕೂದಲಿನ ಮತ್ತು ನೀರಿನ ಹೆಸರುಗಳೂ ಇದಕ್ಕೆ ಸಲ್ಲುವುವೆಂದು ಸೂಚಿಸಿರುವನು. ಕೂದಲಿನ ಹೆಸರು ಬೇರಿನ ಎಳೆಗಳ ನವಿರನ್ನು ಹೇಳುವಂತೆ ತೋರುವುದು; ಆದರೆ ಈ ಲಕ್ಷಣವು ಲಾವಂಚಕ್ಕೂ ಹೊಂದುವುದು. ಉದೀಚ್ಯವೆಂದರೆ ಉತ್ತರದ್ದು, ಬಾಲರಕ್ಕಸಿಯಾದರೋ ದಕ್ಷಿಣದಲ್ಲಿಯೂ ಬೆಳೆಯುವುದು. ಆದುದರಿಂದ ಹೆಸರುಗಳಿಂದ ಮಾತ್ರವೇ ನಿರ್ಣಯವು ಸಿದ್ಧಿಸದು.

ಆದರೂ ಗ್ರಂಥಬಲದಿಂದಲೇ ಒಂದು ಪಕ್ಷವನ್ನು ನಿರಾಕರಿಸಬಹುದು. ಚರಕಸಂಹಿತೆಯ ಜ್ವರಚಿಕಿತ್ಸೆಯಲ್ಲಿ ಬರುವ ಷಡಂಗಪಾನೀಯಕ್ಕೆ ಮುಸ್ತಾ, ಪರ್ಪಟಕ, ಉಶೀರ, ಚಂದನ, ಉದೀಚ್ಯ, ನಾಗರ ಎಂಬ ಆರು ದ್ರವ್ಯಗಳು ವಿಹಿತವಾಗಿವೆ. ಉಶೀರವೆಂದರೆ ಲಾವಂಚವೆಂಬುದು ನಿರ್ವಿವಾದ. ಉದೀಚ್ಯವೂ ಅದೇ ಆದರೆ ಆರು ಅಂಗಗಳು ಐದಾಗಿ, ಯೋಗದ ಹೆಸರೇ ಸುಳ್ಳಾಗುವುದು. ಆದಕಾರಣ ಹ್ರೀಬೇರವು ಲಾವಂಚವಲ್ಲ.

ಉಳಿದ ಎರಡರ ಭೇದವನ್ನು ಗಿಡವನ್ನು ನೋಡಿಯೇ ತಿಳಿಯಬೇಕು. ಬಾಲರಕ್ಕಸಿಯು ದಾಸವಾಳದ ಕುಟುಂಬದ್ದು. ಅದರ ಎಲೆಗಳು ಒಂದೊಂದಾಗಿ ಪರ್ಯಾಯಕ್ರಮದಲ್ಲಿ ಹುಟ್ಟುವುವು, ಹೂವು ಐದೆಸಳಿನದು, ಕೇಸರಗಳು ಕೊಳವೆಯಾಗಿ ಕೂಡಿರುವುವು. ತುಳಸಿಯ ಕುಟುಂಬದಲ್ಲಿಯಾದರೆ ಕಾಂಡವು ಚೌಕವಾಗಿಯೂ, ಎಲೆಗಳು ಎದುರುಬದುರಾಗಿಯೂ, ಒಂದು ಜೋಡಿಗೆ ಮುಂದಿನ ಜೋಡಿ ಅಡ್ಡವಾಗಿಯೂ ಇರುವುವು. ಹೂವಿಗೆ ಎರಡು ತುಟಿಗಳು. ಕಾಯಿಗೆ ನಾಲ್ಕು ಹೋಳುಗಳು. ಚೌಕವಾದ ಕಾಂಡವು ಬೇರೆ ಕುಟುಂಬಗಳಲ್ಲಿಯೂ ಉಂಟಾದ್ದರಿಂದ ಅದೊಂದೇ ಸಾಲದು. ಲಕ್ಷಣಗಳನ್ನು ಕೂಡಿಸಿ ನೋಡಬೇಕು. ಇದೇ ಜಾತಿಯ ದೊಡ್ಡಪತ್ರೆಯನ್ನು ಎಲೆಗಾಗಿ ಬೆಳೆಸುವರು; ಹ್ರೀಬೇರವನ್ನಾದರೋ ಒಣಹುಲ್ಲಿನ ಬಣ್ಣದ ಪರಿಮಳದ ಬೇರಿಗಾಗಿ ಬೆಳೆಸುವರು.

ಈ ಸಸ್ಯಕ್ಕೆ 1941ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಕೆ. ಸಿ. ಜೇಕಬ್ ಎಂಬ ವಿದ್ವಾಂಸರು ಕೋಲಿಯಸ್ ವೆಟಿವೆರಾಯ್ಡಿಸ್, ಅಂದರೆ ಲಾವಂಚವನ್ನು ಹೋಲುವುದು, ಎಂದು ಹೆಸರಿಟ್ಟರು. ಸಾದೃಶ್ಯವನ್ನು ಹೇಳುವ ಈ ಹೆಸರಿನಲ್ಲಿಯೇ ಭೇದವೂ ಅಡಗಿದೆ. ಮಲಯಾಳದಲ್ಲಿ ಇದನ್ನು ಇರುವೇಲಿಯೆನ್ನುವರು; ಆ ಶಬ್ದವು ಹ್ರೀಬೇರಕ್ಕೆ ಸಮೀಪವಾಗಿರುವುದು ಗಮನಾರ್ಹ. ಉತ್ತರದಲ್ಲಿ ಬಾಲರಕ್ಕಸಿಯೇ ರೂಢಿಯಲ್ಲಿದ್ದರೂ, ಭಾರತೀಯ ಆಯುರ್ವೇದ ಔಷಧಕೋಶವು ಹ್ರೀಬೇರವೆಂದು ಈ ಸಸ್ಯವನ್ನೇ ಅಂಗೀಕರಿಸಿದೆ.

ಇದು ದಕ್ಷಿಣ ಭಾರತದ ಕೆಲವೆಡೆ ಕಾಂಡದ ತುಂಡನ್ನು ನೆಟ್ಟು ಬೆಳೆಸಿದ್ದಾಗಿಯೇ ದೊರೆಯುವುದು. ನೆಡುವ ಕೈಗಳು ನಿಂತರೆ ಕೋಶದಲ್ಲಿ ಹೆಸರು ಮಾತ್ರ ಉಳಿದೀತು. ಆದುದರಿಂದ ಟೀಕೆ ಬರೆಯುವವರು ಹ್ರೀಬೇರಕ್ಕೆ ಲಾವಂಚವೆಂದು ಅರ್ಥ ಕೊಡುವುದನ್ನು ಬಿಡಬೇಕು. ಬೇರು ಕೊಳ್ಳುವವರು ಎಲೆಯುಳ್ಳ ಕಾಂಡದೊಡನೆಯೇ ಅದನ್ನು ಕೇಳಿ ಪರೀಕ್ಷಿಸಬೇಕು.