ಡಿಸ್‌ಪ್ಲೇಸ್‌ಮೆಂಟ್ ಮತ್ತು ಪ್ಲೇನಿಂಗ್ ಒಡಲುಗಳು (ಹಾಯಿದೋಣಿ)

ಹಾಯಿದೋಣಿಗಳ ಒಡಲನ್ನು, ಅದು ನೀರಿನಲ್ಲಿ ಚಲಿಸುವ ರೀತಿಯನ್ನು ಆಧರಿಸಿ ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ. ನೀರನ್ನು ಬದಿಗೆ ಸರಿಸಿ, ಅದರೊಳಗೇ ದಾರಿ ಮಾಡಿಕೊಂಡು ಸಾಗುವುದು ಡಿಸ್‌ಪ್ಲೇಸ್‌ಮೆಂಟ್ ಒಡಲು. ಸಾಕಷ್ಟು ವೇಗ ದೊರೆತಾಗ ಮೇಲೆದ್ದು, ನೀರಿನ ಮೇಲ್ಮೈಯಲ್ಲಿ ಜಾರುತ್ತ ಓಡುವುದು ಪ್ಲೇನಿಂಗ್ ಒಡಲು. ಮೊದಲನೆಯದು ಭಾರ ಹೊರುವುದಕ್ಕೂ ದೂರಯಾನಕ್ಕೂ ಹೊಂದುತ್ತದೆ, ಎರಡನೆಯದು ವೇಗಕ್ಕೆ. ನಿಂತಿರುವಾಗ ಮತ್ತು ನಿಧಾನವಾಗಿ ಸಾಗುವಾಗ ಎಲ್ಲ ದೋಣಿಗಳೂ ಮೊದಲನೆಯ ಬಗೆಯವೇ ಆಗಿರುತ್ತವೆ.

== ತೇಲುವಿಕೆ ==

ಆರ್ಕಿಮಿಡೀಸನ ತತ್ತ್ವದಂತೆ, ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಲ್ಲಟಗೊಳಿಸುತ್ತದೆ. ಒಂದು ಟನ್ ತೂಗುವ ದೋಣಿ ಒಂದು ಟನ್ ನೀರಿನ ಜಾಗವನ್ನು ಆಕ್ರಮಿಸಿರುತ್ತದೆ. ಅದು ತನ್ನ ಉದ್ದದಷ್ಟು ಮುಂದೆ ಸಾಗಿತೆಂದರೆ ಒಂದು ಟನ್ ನೀರನ್ನು ಪಕ್ಕಕ್ಕೆ ತಳ್ಳಿ, ಹಿಂದೆ ಬಿಟ್ಟ ಜಾಗವನ್ನು ಮತ್ತೆ ಅಷ್ಟೇ ನೀರು ತುಂಬುವಂತೆ ಮಾಡಿದೆ ಎಂದರ್ಥ. ಆದುದರಿಂದ ಇಂತಹ ಒಡಲಿನ ಮುಂತುದಿಯಷ್ಟೇ ಅಲ್ಲ, ಹಿಂತುದಿಯೂ ಕ್ರಮೇಣ ಕಿರಿದಾಗುತ್ತ ಹೋಗುತ್ತದೆ. ಬದಿಗೆ ಸರಿದ ನೀರು ಸುಳಿಯಾಗದೆ ಮೆಲ್ಲನೆ ಕೂಡಿಕೊಳ್ಳಬೇಕು.

== ಅಲೆಯ ಮಿತಿ ==

ದೋಣಿ ಚಲಿಸುವಾಗ ತನ್ನದೇ ಅಲೆಗಳನ್ನು ಎಬ್ಬಿಸುತ್ತದೆ. ಆಳವಾದ ನೀರಿನಲ್ಲಿ ಅಲೆಯ ವೇಗವು ಅದರ ಉದ್ದವನ್ನು ಅವಲಂಬಿಸಿರುತ್ತದೆ: 4 ಮೀಟರ್ ಉದ್ದದ ಅಲೆ ಗಂಟೆಗೆ ಸುಮಾರು 9 ಕಿ.ಮೀ., 16 ಮೀಟರ್ ಉದ್ದದ ಅಲೆ ಸುಮಾರು 18 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಉದ್ದ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆ. ದೋಣಿಯ ವೇಗ ಏರಿದಂತೆ ಅದರ ಜೊತೆಗೆ ಸಾಗುವ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದವು ನೀರಿಗೆ ತಾಗಿದ ಒಡಲಿನ ಉದ್ದಕ್ಕೆ ಸಮನಾದಾಗ, ಮುಂತುದಿ ಒಂದು ಅಲೆಯ ತಲೆಯ ಮೇಲೂ ಹಿಂತುದಿ ಮುಂದಿನ ಅಲೆಯ ತಲೆಯ ಮೇಲೂ ಇದ್ದು, ನಡುವೆ ಹಳ್ಳವೊಂದು ಉಂಟಾಗಿರುತ್ತದೆ. ಇನ್ನೂ ವೇಗ ಹೆಚ್ಚಿಸಿದರೆ ಹಿಂಬದಿಯು ಆ ಹಳ್ಳಕ್ಕೆ ಕುಸಿದು, ದೋಣಿಯು ತಾನೇ ಎಬ್ಬಿಸಿದ ಏರನ್ನು ಹತ್ತಬೇಕಾಗುತ್ತದೆ. ಎಷ್ಟು ಹತ್ತಿದರೂ ಏರು ಮುಂದೆಯೇ ಇರುತ್ತದೆ.

ಈ ವೇಗಕ್ಕೆ ಒಡಲಿನ ವೇಗಮಿತಿ ಎನ್ನುತ್ತಾರೆ. ನೀರಿಗೆ ತಾಗಿದ ಉದ್ದವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ಈ ಮಿತಿ ನಾಟ್‌ಗಳಲ್ಲಿ ದೊರೆಯುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಇದು ಗೋಡೆಯಂತಹ ಮಿತಿಯಲ್ಲ. ಇಲ್ಲಿಂದಾಚೆಗೆ ನೀರಿನ ಪ್ರತಿರೋಧ ಕಡಿದಾಗಿ ಏರುತ್ತದೆ ಎಂಬುದಷ್ಟೇ ಅದರ ಅರ್ಥ. ಈ ವಿಷಯವನ್ನು ಮಾದರಿ ಹಡಗುಗಳ ಮೂಲಕ ಕ್ರಮಬದ್ಧವಾಗಿ ಪರೀಕ್ಷಿಸಿದವನು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ (1810–1879). ವೇಗ ಮತ್ತು ಉದ್ದದ ಸಂಬಂಧವನ್ನು ಸೂಚಿಸುವ ಫ್ರೂಡ್ ಸಂಖ್ಯೆಗೆ ಅವನ ಹೆಸರೇ ಇದೆ. ಮೇಲೆ ಹೇಳಿದ ಮಿತಿಯಲ್ಲಿ ಅದರ ಬೆಲೆ ಸುಮಾರು 0.4.

ಇದರ ವ್ಯಾವಹಾರಿಕ ಪರಿಣಾಮ ಸಣ್ಣದಲ್ಲ. ಹಳೆಯ ಮಾದರಿಯ ದುಂಡು ಒಡಲಿನ ದೋಣಿಗೆ ಹೆಚ್ಚು ಅಶ್ವಶಕ್ತಿಯ ಎಂಜಿನ್ ಜೋಡಿಸಿದರೆ, ಮಿತಿ ತಲುಪಿದ ಮೇಲೆ ಸುಟ್ಟ ಇಂಧನವೆಲ್ಲ ಅಲೆಯನ್ನು ದೊಡ್ಡದು ಮಾಡಲು ವ್ಯಯವಾಗುತ್ತದೆಯೇ ಹೊರತು ವೇಗ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಹಿಂಬದಿ ತಗ್ಗಿ ನೀರು ಒಳನುಗ್ಗುವ ಅಪಾಯವೂ ಇದೆ.

== ನೀರಿನ ಮೇಲೆ ಜಾರುವುದು ==

ಚಪ್ಪಟೆ ಕಲ್ಲನ್ನು ಕೆರೆಯ ಮೇಲೆ ಓರೆಯಾಗಿ ಬೀಸಿ ಎಸೆದರೆ ಅದು ಮುಳುಗದೆ ಪುಟಿಯುತ್ತ ಹೋಗುತ್ತದೆ. ಪ್ಲೇನಿಂಗ್ ಒಡಲಿನಲ್ಲಿಯೂ ಕೆಲಸ ಮಾಡುವುದು ಇದಕ್ಕೆ ಹತ್ತಿರದ ತತ್ತ್ವವೇ. ತುಸು ಮೇಲೆತ್ತಿದ ಚಪ್ಪಟೆ ತಳಕ್ಕೆ ವೇಗವಾಗಿ ಬಂದ ನೀರು ಬಡಿದು ಕೆಳಕ್ಕೆ ತಿರುಗುತ್ತದೆ. ಪ್ರತಿಯಾಗಿ ಒಡಲು ಮೇಲಕ್ಕೆ ತಳ್ಳಲ್ಪಡುತ್ತದೆ. ದೋಣಿಯ ಭಾರದ ಹೆಚ್ಚಿನ ಪಾಲನ್ನು ಈ ಒತ್ತಡವೇ ಹೊರತೊಡಗಿದಾಗ ಒಡಲು ತನ್ನ ಮುಂದಿನ ಅಲೆಯನ್ನು ದಾಟಿ ಜಾರತೊಡಗುತ್ತದೆ. ಇದಕ್ಕಾಗಿ ಹಿಂಭಾಗದ ತಳ ಅಗಲವೂ ಚಪ್ಪಟೆಯೂ ಆಗಿದ್ದು, ಹಿಂತುದಿ ಕತ್ತರಿಸಿದಂತೆ ಥಟ್ಟನೆ ಮುಗಿಯುತ್ತದೆ. ನೀರು ಅಲ್ಲಿಂದ ಅಂಟಿಕೊಳ್ಳದೆ ಬಿಟ್ಟುಕೊಳ್ಳಬೇಕು. ಇದೇ ಅಗಲವಾದ ಹಿಂತುದಿ ನಿಧಾನಗತಿಯಲ್ಲಿ ನೀರನ್ನು ಎಳೆದುಕೊಂಡು ಹೋಗುವುದರಿಂದ, ಮಂದಗಾಳಿಯಲ್ಲಿ ಇಂತಹ ದೋಣಿ ಜಡವಾಗಿರುತ್ತದೆ.

ಹಾಯಿದೋಣಿಯನ್ನು ಹೀಗೆ ಜಾರಿಸಬಹುದೆಂದು ಪ್ರಸಿದ್ಧಪಡಿಸಿದ್ದು ಇಂಗ್ಲೆಂಡಿನ ಅಫಾ ಫಾಕ್ಸ್ 1928ರಲ್ಲಿ ಓಡಿಸಿದ 14 ಅಡಿಯ 'ಅವೆಂಜರ್'. ಇಂದಿನ ಉದಾಹರಣೆಯಾಗಿ, 1996ರಿಂದ ಒಲಿಂಪಿಕ್ ಕ್ರೀಡೆಯಲ್ಲಿರುವ, ಬ್ರೂಸ್ ಕರ್ಬಿ ವಿನ್ಯಾಸದ ಲೇಸರ್ ದೋಣಿಯನ್ನು ಹೇಳಬಹುದು. ಅದರ ಉದ್ದ ಸುಮಾರು 4.2 ಮೀಟರ್, ಒಡಲಿನ ತೂಕ 59 ಕಿಲೋಗ್ರಾಂ. ಸೂತ್ರದಂತೆ ಅದರ ವೇಗಮಿತಿ 5 ನಾಟ್‌ಗಿಂತ ಕಡಿಮೆ. ಬಲವಾದ ಗಾಳಿಯಲ್ಲಿ ಅದು ಇದರ ಎರಡು ಪಟ್ಟಿಗೂ ಮೀರಿ ಓಡುತ್ತದೆ. ಓಡಿಸುವವನ ತೂಕ ಸಾಮಾನ್ಯವಾಗಿ ದೋಣಿಯ ತೂಕಕ್ಕಿಂತ ಹೆಚ್ಚು. ಆತ ಅಂಚಿನಾಚೆಗೆ ಬಾಗಿ, ಹಿಂದಕ್ಕೆ ಸರಿದು ಕೂರುವುದರ ಮೇಲೆಯೇ ದೋಣಿ ಜಾರುವುದೋ ಮಗುಚುವುದೋ ಎಂಬುದು ನಿಂತಿದೆ.

== ಕರ್ನಾಟಕದಲ್ಲಿ ==

ಧಾರವಾಡ ಜಿಲ್ಲೆಯ ಬಯಲುಸೀಮೆಗೆ ಹಾಯಿದೋಣಿ ದೂರದ ವಸ್ತು. ಆದರೆ ಕಲಘಟಗಿ ಭಾಗದ ಬೇಡ್ತಿ ನದಿಯೇ ಕೆಳಗೆ ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುವ ಉತ್ತರ ಕನ್ನಡದ ಕರಾವಳಿಯಲ್ಲಿ ಹಾಯಿಯ ಸಂಪ್ರದಾಯ ಹಳೆಯದು. ಮಂಗಳೂರು ಹೆಂಚನ್ನು ಪಶ್ಚಿಮ ಕರಾವಳಿಯ ಬಂದರುಗಳಿಗೆ ಸಾಗಿಸುತ್ತಿದ್ದ ಮಂಜಿ, ಪತ್ತೇಮಾರಿಗಳು ಅಪ್ಪಟ ಡಿಸ್‌ಪ್ಲೇಸ್‌ಮೆಂಟ್ ಒಡಲಿನವು. ಹೆಂಚಿನ ಭಾರವೇ ಅವುಗಳಿಗೆ ಸ್ಥಿರತೆ ಕೊಡುತ್ತಿತ್ತು. ಅಂತಹ ಹೊರೆಯನ್ನು ಹೊತ್ತು ಯಾವ ಹಾಯಿಯೂ ಒಡಲನ್ನು ನೀರಿನ ಮೇಲಕ್ಕೆ ಎತ್ತಲಾರದು.

ತುಂಗಭದ್ರೆಯ ಹರಿಗೋಲಿನ ತಳ ಚಪ್ಪಟೆಯಾಗಿದ್ದರೂ ಅದು ಪ್ಲೇನಿಂಗ್ ಒಡಲಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಾದ ಈ ದೋಣಿಗಳು ಹದಿನೈದಿಪ್ಪತ್ತು ಜನರನ್ನು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹೊಳೆ ದಾಟಿಸುತ್ತಿದ್ದವೆಂದು ಬರೆದಿದ್ದಾನೆ. ಜಾರುವುದಕ್ಕೆ ಚಪ್ಪಟೆ ತಳ ಮಾತ್ರ ಸಾಲದು. ತೂಕಕ್ಕೆ ಹೋಲಿಸಿದರೆ ಹೆಚ್ಚಿನ ಶಕ್ತಿಯೂ ನೇರ ಓಟವೂ ಬೇಕು. ತಿರುಗುತ್ತ ಸಾಗುವ ಹರಿಗೋಲಿಗೆ ಇವೆರಡೂ ಇಲ್ಲ.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದ ತೃಷ್ಣಾ ಸೈಲಿಂಗ್ ಕ್ಲಬ್ ಹಲಸೂರು ಕೆರೆಯಲ್ಲಿ ಹಗುರ ದೋಣಿಗಳ ತರಬೇತಿ ನಡೆಸುತ್ತದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಸ್ಪರ್ಧೆಗಳೂ ನಡೆದಿವೆ. ವಿಚಿತ್ರವೆಂದರೆ, ಕ್ಲಬ್ಬಿನ ಹೆಸರಿನ 'ತೃಷ್ಣಾ' ಇದಕ್ಕೆ ವಿರುದ್ಧ ಬಗೆಯದು: ಭೂಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿದ, ಭಾರವಾದ ಕೀಲ್ ಉಳ್ಳ 37 ಅಡಿಯ ನೌಕೆ ಅದು.

ನೌಕಾಪಡೆಯ ಐಎನ್‌ಎಸ್‌ವಿ 'ಮ್ಹಾದೇಯಿ' ಕೂಡ ಇದೇ ವರ್ಗದ್ದು. ನವಲಗುಂದ, ನರಗುಂದದ ರೈತರು ಕಳಸಾ-ಬಂಡೂರಿ ಹೋರಾಟದ ಮೂಲಕ ಬಲ್ಲ, ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರೇ ಇದರದ್ದು. ಗೋವೆಯಲ್ಲಿ ನಿರ್ಮಾಣವಾದ ಇದರ ಉದ್ದ 56 ಅಡಿ, ತೂಕ ಸುಮಾರು 23 ಟನ್. 2012ರ ನವೆಂಬರ್ 1ರಂದು ಮುಂಬಯಿಯಿಂದ ಒಬ್ಬಂಟಿಯಾಗಿ ಹೊರಟ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ 2013ರ ಮಾರ್ಚ್ 31ರಂದು ಮರಳಿದರು. ಸುಮಾರು 150 ದಿನಗಳಲ್ಲಿ ಕ್ರಮಿಸಿದ ದೂರ 23,000 ನಾಟಿಕಲ್ ಮೈಲಿಗೂ ಹೆಚ್ಚು. ಸರಾಸರಿ ವೇಗ 6 ನಾಟ್‌ಗಿಂತ ತುಸು ಹೆಚ್ಚು, ಅಂದರೆ ಸೈಕಲ್ ಸವಾರನ ನಿಧಾನಗತಿ. ತಿಂಗಳುಗಟ್ಟಲೆಯ ಆಹಾರ ಸಾಮಗ್ರಿಯನ್ನು ಹೊತ್ತು, ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ವಾಲಿದರೂ ಕೀಲಿನ ಭಾರದಿಂದ ಮತ್ತೆ ನೆಟ್ಟಗಾಗುವುದು ಇಲ್ಲಿ ವೇಗಕ್ಕಿಂತ ಮುಖ್ಯ. ಲೇಸರ್ ಮಗುಚಿದರೆ ಓಡಿಸುವವನೇ ನೀರಿಗಿಳಿದು ಎತ್ತಬೇಕು. ಕೆರೆಯಲ್ಲಿ ಅದು ಆಟದ ಭಾಗ, ನಡುಗಡಲಿನಲ್ಲಿ ಪ್ರಾಣದ ಪ್ರಶ್ನೆ.

== ಎರಡರ ನಡುವಿನವು ==

ಭಾರವಾದ ನೌಕೆಯೂ ದೊಡ್ಡ ಅಲೆಯ ಇಳಿಜಾರಿನಲ್ಲಿ ಕೆಲಕಾಲ ತನ್ನ ಮಿತಿಯನ್ನು ಮೀರಿ ಓಡುವುದುಂಟು. ಇದನ್ನು ಸರ್ಫಿಂಗ್ ಎನ್ನುತ್ತಾರೆ. ಇಲ್ಲಿ ಶಕ್ತಿ ಒದಗಿಸುವುದು ಗುರುತ್ವ. ಎರಡು ತೆಳುವಾದ ಒಡಲುಗಳ ಕ್ಯಾಟಮರಾನ್ ಜಾರದೆಯೂ ಮಿತಿ ದಾಟುತ್ತದೆ, ಏಕೆಂದರೆ ಅಷ್ಟು ಕಿರಿದಾದ ಒಡಲು ಎಬ್ಬಿಸುವ ಅಲೆಯೇ ಸಣ್ಣದು. ಈ ಹೆಸರು ಬಂದದ್ದು ತಮಿಳಿನ ಕಟ್ಟುಮರದಿಂದ. ಮೂಲ ಕಟ್ಟುಮರವಾದರೋ ಮರದ ದಿಮ್ಮಿಗಳನ್ನು ಒಟ್ಟಿಗೆ ಬಿಗಿದ ತೆಪ್ಪ, ಅದಕ್ಕೆ ಜೋಡಿ ಒಡಲುಗಳಿಲ್ಲ.