ಹೊಸ ತೊಟ್ಟಿಗೇಕೆ ಪಾಚಿ?

ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಹಳೆಯ ಗುಡಿಗಳನ್ನು ನೋಡಲು ಹೋದರೆ, ದಾರಿಯಲ್ಲಿ ನಿಂತ ನೀರು ಕಂಡಲ್ಲಿ ಅದನ್ನೂ ಗಮನಿಸಿ. ಬಿಸಿಲು ಬೀಳುವಲ್ಲಿ ಪಾಚಿ ದಟ್ಟ, ನೆರಳಿನಲ್ಲಿ ವಿರಳ. ಹವಳವಿರುವ ಉಪ್ಪುನೀರಿನ ಅಕ್ವೇರಿಯಂಗೂ ಇದೇ ನಿಯಮ. ಬೆಳಕು, ಗೊಬ್ಬರ ಎರಡೂ ಸಿಕ್ಕರೆ ಪಾಚಿ ಬೆಳೆಯುತ್ತದೆ.

ಗೊಬ್ಬರ ಎಲ್ಲಿಂದ ಬಂತು? ಮೀನಿನ ಮಲ, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲು ಕಾಣುವ ಕಂದು ಪದರ ಡಯಾಟಂಗಳದು. ನೀರಿನ ಸಿಲಿಕೇಟ್ ಮುಗಿದಂತೆ ಅದು ಇಳಿಯುತ್ತದೆ. ಕೊಳವೆಬಾವಿ ನೀರು ಸುರಿದರೆ ಸಿಲಿಕೇಟ್ ಮತ್ತೆ ಸೇರೀತು, ಆರ್.ಓ. ನೀರನ್ನೇ ಬಳಸಿ.

ಮೀನಿಗೆ ಆಹಾರ ಮಿತವಾಗಿ ಹಾಕಿ. ದೀಪ ದಿನಕ್ಕೆ 8 ಗಂಟೆ ಸಾಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ. ತಾಮ್ರದ ಪಾಚಿನಾಶಕ ಮಾತ್ರ ಬೇಡ, ಅದು ಹವಳಕ್ಕೂ ವಿಷ. ಹವಳ ಬಹುಮಟ್ಟಿಗೆ ಬದುಕುವುದೇ ತನ್ನ ಒಡಲೊಳಗಿನ ಸೂಕ್ಷ್ಮ ಪಾಚಿ ತಯಾರಿಸುವ ಆಹಾರದಿಂದ!

ಇನ್ನೊಂದು ಮಾತು. ಮುರುಡೇಶ್ವರದ ಬಳಿಯ ನೇತ್ರಾಣಿಯಂಥ ಕಡೆ ಕಡಲಿನಿಂದ ಹವಳ ಕೀಳಬೇಡಿ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ತೊಟ್ಟಿ ಕಟ್ಟುವವರಿಗೆ ಮೊದಲು ಬೇಕಾದದ್ದು ತಾಳ್ಮೆ.