ಎರಡು ಮೇವಿನ ಗಾಡಿ

ಅಕ್ಕಂದಿರೇ, ಮನೆಗೆ ಗಾಡಿ ತರುವ ಮಾತು ಬಂದರೆ ನಿಮ್ಮನ್ನು ಯಾರು ಕೇಳುತ್ತಾರೆ? ಗಂಡಸರು ಬಣ್ಣ ನೋಡುತ್ತಾರೆ. ಸಾಲದ ಕಾಗದ ಬಂದಾಗ ಮಾತ್ರ "ಇಲ್ಲೊಂದು ಸಹಿ ಹಾಕು" ಅನ್ನುತ್ತಾರೆ. ಈಗ ನೀವು ಓದಬಲ್ಲಿರಿ. ಸಹಿಗೆ ಮೊದಲು ಇದನ್ನು ಓದಿರಿ.

ರಬಕವಿಯ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು: "ಅಕ್ಕೋರ, ಕರೆಂಟಿನ ಮ್ಯಾಲೂ ಓಡ್ತೈತಿ, ಪೆಟ್ರೋಲಿನ ಮ್ಯಾಲೂ ಓಡ್ತೈತಿ ಅಂತಾರಲ್ಲ, ಅದು ಹೆಂಗ್ರಿ?" ಅವರ ಮನೆಯಲ್ಲಿ ಏಳು ಮಂದಿ.

ನಮ್ಮೂರಿನ ಮಾತಿನಲ್ಲೇ ಹೇಳೋಣ. ಕರೆಂಟ್ ಹೋದರೆ ಪವರ್‌ಲೂಮ್ ನಿಲ್ಲುತ್ತದೆ. ಕೈಮಗ್ಗ ನಿಲ್ಲುವುದಿಲ್ಲ. ಎರಡೂ ಇರುವ ಮನೆಯಲ್ಲಿ ಕೆಲಸ ಪೂರಾ ನಿಲ್ಲದು. ಈ ಗಾಡಿಯೂ ಹಾಗೆ. ಪೆಟ್ರೋಲ್ ಎಂಜಿನ್ ಇದೆ. ಕರೆಂಟಿನ ಮೋಟರು, ದೊಡ್ಡ ಬ್ಯಾಟರಿಯೂ ಇವೆ. ರಾತ್ರಿ ಮೊಬೈಲಿಗೆ ಹಚ್ಚಿದಂತೆ ಗಾಡಿಗೂ ವೈರ್ ಹಚ್ಚಬೇಕು. ಬ್ಯಾಟರಿ ಇರುವತನಕ ಹೆಚ್ಚಾಗಿ ಕರೆಂಟಿನಲ್ಲಿ ಓಡುತ್ತದೆ. ತೀರಿದ ಮೇಲೆ ಪೆಟ್ರೋಲ್. ಇದಕ್ಕೆ ಪ್ಲಗ್-ಇನ್ ಹೈಬ್ರಿಡ್ ಅನ್ನುತ್ತಾರೆ.

ದೊಡ್ಡ ಕುಟುಂಬಕ್ಕೆ ಇದು ಯಾಕೆ ಒಪ್ಪುತ್ತದೆ? ನಮ್ಮ ಓಡಾಟ ನೋಡ್ರಿ. ಮಕ್ಕಳ ಶಾಲೆ, ಬನಹಟ್ಟಿಯ ಪೇಟೆ, ತೇರದಾಳದ ಬೀಗರು, ಎಲ್ಲ ಹತ್ತಿರ. ಕರೆಂಟಿನಲ್ಲೇ ಮುಗಿಯುತ್ತದೆ. ವರ್ಷಕ್ಕೊಮ್ಮೆ ಪಂಢರಪುರ, ಎಲ್ಲಮ್ಮನ ಗುಡ್ಡ. ಅದಕ್ಕೆ ಪೆಟ್ರೋಲ್ ಇದೆ. ನಡುದಾರಿಯಲ್ಲಿ ಚಾರ್ಜ್ ತೀರೀತು ಎಂಬ ಅಂಜಿಕೆ ಇಲ್ಲ. ಅತ್ತೆ, ಮಾವ, ಬಾಣಂತಿ, ಕೂಸು ಒಂದೇ ಗಾಡಿಯಲ್ಲಿ ಕೂರಬಹುದು.

ಪಾಟಿ ತೊಗೊಳ್ರಿ, ಲೆಕ್ಕ ಮಾಡೋಣ. ಅಮೆರಿಕದಲ್ಲಿ ಕ್ರೈಸ್ಲರ್ ಪೆಸಿಫಿಕಾ ಎಂಬ ಏಳು ಸೀಟಿನ ಇಂಥ ಗಾಡಿ 2017ರಲ್ಲಿ ಬಂತು. ಅದರ ಬ್ಯಾಟರಿಗೆ 16 ಯೂನಿಟ್ ಹಿಡಿಯುತ್ತದೆ. ಸುಮಾರು 50 ಕಿಲೋಮೀಟರ್ ಓಡುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿಯೋಣ. 16 ಏಳಲೆ 112 ರೂಪಾಯಿ. ಲೀಟರಿಗೆ 10 ಕಿಲೋಮೀಟರ್ ಓಡುವ ಪೆಟ್ರೋಲ್ ಗಾಡಿಗೆ ಅಷ್ಟೇ ದಾರಿಗೆ 5 ಲೀಟರ್ ಬೇಕು. ಲೀಟರಿಗೆ 100 ಎಂದರೂ 500 ರೂಪಾಯಿ. ಉಳಿದದ್ದು 388.

ಆದರೆ ಗೃಹಜ್ಯೋತಿ ಮರೆಯಬೇಡಿರಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಗಾಡಿಗೆ ದಿನಾ 10 ಯೂನಿಟ್ ಹೋದರೆ ತಿಂಗಳಿಗೆ 300 ಆಯಿತು. ದೀಪ, ಫ್ಯಾನು, ಟಿವಿಯ ಬಿಟ್ಟಿ ಕರೆಂಟೂ ಹೋಯಿತು. ಇದನ್ನು ಮಾರುವವರು ಹೇಳುವುದಿಲ್ಲ. ಮಗ್ಗದ ರಿಯಾಯಿತಿ ಮೀಟರಿನಿಂದ ಗಾಡಿಗೆ ವೈರ್ ಎಳೆಯುವುದು ತಪ್ಪು, ಅದನ್ನು ಮಾಡಬೇಡಿರಿ.

ಇನ್ನೊಂದು ಮಾತು. ವೈರ್ ಹಚ್ಚುವ ಇಂಥ ದೊಡ್ಡ ಗಾಡಿ ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಸಿಗುವುದು ಅದರ ತಂಗಿ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೊಟಾ ಕಂಪನಿ ಮಾಡುವ ಇನ್ನೋವಾ ಹೈಕ್ರಾಸ್ ಇದೆ. 2022ರಲ್ಲಿ ಅದನ್ನು ಮೊದಲು ತೋರಿಸಿದರು. ಅದರ ಹೈಬ್ರಿಡ್ ಗಾಡಿಗೆ ವೈರ್ ಬೇಡ. ಎಂಜಿನ್ ಓಡುವಾಗ, ಬ್ರೇಕ್ ಹಾಕುವಾಗ ಬ್ಯಾಟರಿ ತಾನೇ ತುಂಬುತ್ತದೆ. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಆದರೆ ಪೆಟ್ರೋಲ್ ಬೇಕೇ ಬೇಕು. ಮನೆಗೆ ಬರುವಷ್ಟರಲ್ಲಿ 25 ಲಕ್ಷ ದಾಟುತ್ತದೆ. ಆದ್ದರಿಂದ ಯಾರಾದರೂ "ಹೈಬ್ರಿಡ್" ಅಂದರೆ, "ವೈರ್ ಹಚ್ಚೋದೋ, ಹಚ್ಚದಿರೋದೋ?" ಎಂದು ಮೊದಲು ಕೇಳಿರಿ.

ದಿನಾ ಜಮಖಂಡಿಗೆ ಹೋಗಿ ಬರುವ ಮನೆಗೆ ಪೆಟ್ರೋಲಿನ ಉಳಿತಾಯ ಬೇಗ ಕೂಡುತ್ತದೆ. ನಿಂತೇ ಇರುವ ಗಾಡಿ ಏನನ್ನೂ ಉಳಿಸುವುದಿಲ್ಲ, ಬಡ್ಡಿ ಮಾತ್ರ ಓಡುತ್ತದೆ.

ಆ ತಾಯಿ ಅಲ್ಲೇ ಕೂತು ತಮ್ಮ ಮನೆಯ ಲೆಕ್ಕ ಬರೆದರು. ಎಲ್ಲರೂ ಕೂಡಿ ಹೊರಡುವುದು ತಿಂಗಳಿಗೆ ಎರಡೇ ಸಲ. "ನಮಗ ಬಾಡಿಗಿ ಕ್ರೂಸರ್ ಸಾಕ್ರಿ" ಅಂದರು. ಅವರ ಮಗ ಇನ್ನೂ ಒಪ್ಪಿಲ್ಲ. ಪಾಟಿಯನ್ನು ಮನೆಗೆ ಒಯ್ದಿದ್ದಾರೆ.